ಪೆನ್ನು ಎಲ್ಲಿದೆ, ಎಷ್ಟು ಒತ್ತಿದೆ?

ಚಿತ್ರ ಬಿಡಿಸುವ ಹುಚ್ಚಿರುವ ಮಕ್ಕಳೇ,

ನಿಮ್ಮಲ್ಲಿ ಕೆಲವರಾದರೂ ಮನೆಯಲ್ಲಿ ಈ ಬೇಡಿಕೆ ಇಟ್ಟಿರುತ್ತೀರಿ: "ಅಮ್ಮಾ, ನಂಗೊಂದು ಡ್ರಾಯಿಂಗ್ ಟ್ಯಾಬ್ಲೆಟ್ ಕೊಡ್ಸಮ್ಮಾ." ಅಮ್ಮ ಅಪ್ಪನ ಮುಖ ನೋಡುತ್ತಾರೆ. ಅಪ್ಪ "ಎಷ್ಟಾಗುತ್ತೆ ಅದು?" ಅನ್ನುತ್ತಾರೆ. ಅಜ್ಜಿಯ ಪ್ರಶ್ನೆ ಇನ್ನೂ ನೇರ: "ಪೆನ್ಸಿಲ್ಲು ಪೇಪರ್ರು ಇದ್ಯಲ್ಲ ಮಗಾ, ಅದಕ್ಕೇನಾಗಿದೆ?"

ಮೂವರಲ್ಲಿ ಅಜ್ಜಿಯದೇ ಸರಿಯಾದ ಪ್ರಶ್ನೆ. ಪೇಪರಿನಿಂದ ಆಗದ ಯಾವ ಕೆಲಸವನ್ನು ಆ ಹಲಗೆ ಮಾಡುತ್ತದೆ? ಅದು ಗೊತ್ತಾದರೆ ಕೊಳ್ಳಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಬಹುದು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಹಲಗೆಯ ಒಳಗೊಮ್ಮೆ ಹೋಗಿ ಬರೋಣ.

ಹಲಗೆಗೆ ಚಿತ್ರ ಗೊತ್ತಿಲ್ಲ

ಎಲ್ಲಕ್ಕಿಂತ ಸರಳವಾದ ಡ್ರಾಯಿಂಗ್ ಟ್ಯಾಬ್ಲೆಟ್ ನೋಟ್‌ಬುಕ್ಕಿನಷ್ಟು ಅಗಲದ, ತೆಳುವಾದ ಒಂದು ಪ್ಲಾಸ್ಟಿಕ್ ಹಲಗೆ. ಅದರಿಂದ ಒಂದು ಕೇಬಲ್ ಕಂಪ್ಯೂಟರಿಗೆ ಹೋಗುತ್ತದೆ. ಜೊತೆಗೊಂದು ಪೆನ್ನು. ಹಲಗೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರೆ ಹಲಗೆಯ ಮೇಲೆ ಏನೂ ಮೂಡುವುದಿಲ್ಲ. ಗೆರೆ ಮೂಡುವುದು ಎದುರಿನ ಕಂಪ್ಯೂಟರ್ ಪರದೆಯ ಮೇಲೆ.

ಹಾಗಾದರೆ ಹಲಗೆ ಮಾಡಿದ್ದೇನು? ಅಳತೆ. ಪೆನ್ನು ಎಡ ಅಂಚಿನಿಂದ ಎಷ್ಟು ದೂರದಲ್ಲಿದೆ? ಮೇಲಿನ ಅಂಚಿನಿಂದ ಎಷ್ಟು ಕೆಳಗಿದೆ? ಎಷ್ಟು ಜೋರಾಗಿ ಒತ್ತಿದ್ದಾರೆ? ಕೆಲವು ಹಲಗೆಗಳು ನಾಲ್ಕನೆಯದನ್ನೂ ಅಳೆಯುತ್ತವೆ: ಪೆನ್ನು ಎಷ್ಟು ವಾಲಿದೆ? ಈ ಮೂರು ನಾಲ್ಕು ಸಂಖ್ಯೆಗಳನ್ನು ಹಲಗೆಯು ಸೆಕೆಂಡಿಗೆ 200 ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ, ಕಂಪ್ಯೂಟರಿಗೆ ಕಳಿಸುತ್ತಲೇ ಇರುತ್ತದೆ. ನೀವು ಒಂದು ಸೆಕೆಂಡಿನಲ್ಲಿ ಆನೆಯ ಸೊಂಡಿಲು ಎಳೆದರೆ ಕಂಪ್ಯೂಟರಿಗೆ ಸಿಗುವುದು ಸುಮಾರು 200 ಚುಕ್ಕಿಗಳು. ಚುಕ್ಕಿ ಸೇರಿಸಿ ಗೆರೆ ಮಾಡುವುದು ಅಲ್ಲಿರುವ ಚಿತ್ರ ಬಿಡಿಸುವ ತಂತ್ರಾಂಶದ ಕೆಲಸ.

ಬಣ್ಣ, ಬ್ರಷ್ಷು, ರಬ್ಬರು, ತಪ್ಪಾದರೆ ಹಿಂದಕ್ಕೆ ಹೋಗುವ ಸೌಕರ್ಯ, ಒಂದರ ಮೇಲೊಂದು ಪದರ ಇಟ್ಟು ಬಿಡಿಸುವುದು, ಇವೆಲ್ಲ ತಂತ್ರಾಂಶದ ಆಸ್ತಿ. ನೀವು ಕೆಂಪು ಹಚ್ಚುತ್ತಿದ್ದೀರೋ ಹಸಿರೋ ಎಂಬುದು ಕೂಡ ಹಲಗೆಗೆ ತಿಳಿಯದು. ಇದನ್ನು ನೆನಪಿಡಿ, ಕೊನೆಯಲ್ಲಿ ದುಡ್ಡಿನ ಲೆಕ್ಕ ಹಾಕುವಾಗ ಬೇಕಾಗುತ್ತದೆ.

ಮೌಸಿಗೆ ಯಾಕೆ ಆಗದು?

ಮೌಸ್ ಹಿಡಿದು ನಿಮ್ಮ ಹೆಸರು ಬರೆಯಲು ನೋಡಿ. ಒಂದನೇ ತರಗತಿಯ ತಮ್ಮ ಬರೆದ ಹಾಗಿರುತ್ತದೆ. ನಿಮ್ಮ ಕೈಯದೇನೂ ತಪ್ಪಿಲ್ಲ. ಮೌಸ್ ಅಳೆಯುವ ರೀತಿಯೇ ಬೇರೆ.

ಮೌಸನ್ನು ತಿರುಗಿಸಿ ಹೊಟ್ಟೆ ನೋಡಿ. ಅಲ್ಲಿ ಬೆಳಕು ಬಿಡುವ ಪುಟ್ಟ ದೀಪ, ಅದರ ಪಕ್ಕದಲ್ಲಿ ಪುಟ್ಟ ಕ್ಯಾಮೆರಾ ಇರುತ್ತದೆ. ಆ ಕ್ಯಾಮೆರಾ ಮೇಜಿನ ಮೈಯನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಫೋಟೊ ತೆಗೆಯುತ್ತದೆ. ಹಿಂದಿನ ಫೋಟೊದಲ್ಲಿದ್ದ ಗುರುತು ಈ ಫೋಟೊದಲ್ಲಿ ಎಷ್ಟು ಸರಿದಿದೆ ಎಂದು ನೋಡಿ, ತಾನು ಎಷ್ಟು ಓಡಿದೆ ಎಂದು ಲೆಕ್ಕ ಹಾಕುತ್ತದೆ. ಎಷ್ಟು ಸರಿದೆ ಎಂಬುದು ಮೌಸಿಗೆ ಗೊತ್ತು, ಎಲ್ಲಿದ್ದೇನೆ ಎಂಬುದು ಗೊತ್ತಿಲ್ಲ. ಅದನ್ನು ಎತ್ತಿ ಮೇಜಿನ ಇನ್ನೊಂದು ತುದಿಯಲ್ಲಿಟ್ಟರೂ ಪರದೆಯ ಬಾಣ ಇದ್ದಲ್ಲೇ ಇರುತ್ತದೆ.

ಟ್ಯಾಬ್ಲೆಟ್ಟಿನ ಪೆನ್ನು ಹಾಗಲ್ಲ. ಹಲಗೆಯ ಬಲ ಮೇಲ್ತುದಿಗೆ ಪೆನ್ನು ಮುಟ್ಟಿಸಿದರೆ ಬಾಣವೂ ಪರದೆಯ ಬಲ ಮೇಲ್ತುದಿಯಲ್ಲಿ. ಎಡಗಡೆ ಕೆಳಗೆ ಮುಟ್ಟಿಸಿದರೆ ಅದೂ ಅಲ್ಲಿಗೆ. ಕಾಗದದ ಮೇಲೆ ಒಂದು ಕಣ್ಣು ಬಿಡಿಸಿ, ಪೆನ್ಸಿಲ್ ಎತ್ತಿ, ಸರಿಯಾದ ಜಾಗ ನೋಡಿ ಇನ್ನೊಂದು ಕಣ್ಣು ಇಡುತ್ತೀರಲ್ಲ, ಅದು ಇಲ್ಲಿ ಸಾಧ್ಯ.

ಇನ್ನೊಂದು ವ್ಯತ್ಯಾಸ ಒತ್ತಡದ್ದು. ಮೌಸಿನ ಗುಂಡಿ ಒತ್ತಿದೆ ಅಥವಾ ಒತ್ತಿಲ್ಲ, ಎರಡೇ ಸ್ಥಿತಿ. ಕುಂಚ ಹಿಡಿದವರಿಗೆ ಅದು ಸಾಲದು. ಮೈಸೂರು ಶೈಲಿಯ ಚಿತ್ರಗಾರರು ಅಳಿಲಿನ ಕೂದಲಿನ ಸಣ್ಣ ಕುಂಚದಲ್ಲಿ ದೇವಿಯ ಹುಬ್ಬು ಎಳೆಯುವುದನ್ನು ನೋಡಿ. ಗೆರೆ ತೆಳ್ಳಗೆ ಶುರುವಾಗಿ, ನಡುವೆ ತುಂಬಿಕೊಂಡು, ಮತ್ತೆ ಸೂಜಿ ಮೊನೆಯಾಗಿ ಮುಗಿಯುತ್ತದೆ. ಕೈ ಒತ್ತುವ ಬಲ ಏರಿಳಿದಂತೆ ಗೆರೆಯ ದಪ್ಪವೂ ಏರಿಳಿಯುತ್ತದೆ. ಆ ಏರಿಳಿತವನ್ನು ಕಂಪ್ಯೂಟರಿಗೆ ಮುಟ್ಟಿಸಲು ಒತ್ತಡ ಅಳೆಯುವ ಪೆನ್ನೇ ಬೇಕು.

ಬ್ಯಾಟರಿ ಇಲ್ಲದ ಪೆನ್ನು

ಈಗ ಸೋಜಿಗದ ಸಂಗತಿಗೆ ಬರೋಣ. ಹಲವು ಟ್ಯಾಬ್ಲೆಟ್ಟುಗಳ ಪೆನ್ನಿನಲ್ಲಿ ಬ್ಯಾಟರಿ ಇರುವುದಿಲ್ಲ. ತಂತಿಯೂ ಇಲ್ಲ. ಆದರೂ ಅದು ತಾನೆಲ್ಲಿದ್ದೇನೆ ಎಂದು ಹಲಗೆಗೆ ಹೇಳುತ್ತದೆ. ಅದಕ್ಕೆ ಕರೆಂಟು ಎಲ್ಲಿಂದ ಬಂತು?

1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಒಂದು ಮುಖ್ಯವಾದ ಸಂಗತಿ ಕಂಡುಕೊಂಡರು. ತಂತಿಯ ಸುರುಳಿಯೊಂದರ ಬಳಿ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದಕ್ಕೆ ವಿದ್ಯುತ್ಕಾಂತೀಯ ಪ್ರೇರಣೆ ಎನ್ನುತ್ತಾರೆ. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ನಡೆಯುವುದು ಇದರಿಂದ. ಬೆಂಗಳೂರಿನ ನಮ್ಮ ಮೆಟ್ರೋ ಕಾರ್ಡಿನಲ್ಲೂ ಬ್ಯಾಟರಿ ಇಲ್ಲ. ಗೇಟಿನ ಯಂತ್ರದ ಹತ್ತಿರ ಹಿಡಿದಾಗ ಕಾರ್ಡಿನೊಳಗಿನ ಸುರುಳಿಗೆ ಯಂತ್ರದಿಂದಲೇ ಶಕ್ತಿ ಸಿಗುತ್ತದೆ.

ಟ್ಯಾಬ್ಲೆಟ್ಟಿನ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ತೆಳುವಾದ ತಂತಿಗಳು ಉದ್ದಕ್ಕೂ ಅಡ್ಡಕ್ಕೂ ಹಾದುಹೋಗುತ್ತವೆ. ಅವುಗಳಲ್ಲಿ ವಿದ್ಯುತ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹಿಂದೆ ಮುಂದೆ ಹರಿಯುತ್ತದೆ. ಹಾಗಾಗಿ ಹಲಗೆಯ ಮೇಲೆ ಸದಾ ಬದಲಾಗುವ ಕಾಂತಕ್ಷೇತ್ರ ಏರ್ಪಡುತ್ತದೆ. ಪೆನ್ನಿನ ಮೂತಿಯೊಳಗೆ ಒಂದು ಸುರುಳಿ, ವಿದ್ಯುತ್ತನ್ನು ತುಸು ಹೊತ್ತು ಕೂಡಿಡುವ ಒಂದು ಕೆಪಾಸಿಟರ್ ಇವೆ. ಪೆನ್ನು ಹಲಗೆಯ ಹತ್ತಿರ ಬಂದ ಕೂಡಲೇ ಆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ.

ಆಮೇಲೆ ಹಲಗೆ ಒಂದು ಉಪಾಯ ಮಾಡುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಕಳಿಸುವುದನ್ನು ನಿಲ್ಲಿಸಿ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಪೆನ್ನಿನ ಸುರುಳಿ ಮತ್ತು ಕೆಪಾಸಿಟರಿನ ನಡುವೆ ಆಗ ಕೂಡ ವಿದ್ಯುತ್ ಓಡಾಡುತ್ತಿರುತ್ತದೆ. ಅದರಿಂದ ಪೆನ್ನಿನ ಸುತ್ತ ಪುಟ್ಟ ಕಾಂತಕ್ಷೇತ್ರ. ಈ ಕ್ಷೇತ್ರ ಹಲಗೆಯ ತಂತಿಗಳಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಹತ್ತಿರದ ತಂತಿಯಲ್ಲಿ ಜಾಸ್ತಿ, ದೂರದ ತಂತಿಯಲ್ಲಿ ಕಡಿಮೆ. ಯಾವ ತಂತಿಗೆ ಜೋರಾಗಿ ಕೇಳಿಸಿತೋ ಅದರ ಪಕ್ಕದಲ್ಲಿ ಪೆನ್ನು ಇದೆ. ಕಳಿಸು, ಕೇಳಿಸಿಕೋ, ಕಳಿಸು, ಕೇಳಿಸಿಕೋ: ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ.

ತಂತಿಗಳ ನಡುವೆ ಕೆಲವು ಮಿಲಿಮೀಟರ್ ಅಂತರ ಇದೆ, ನಮ್ಮ ಗೆರೆ ಕೂದಲಷ್ಟು ಸರಿದರೂ ಗೊತ್ತಾಗುವುದು ಹೇಗೆ ಎಂದು ಕೇಳಿದಿರಾ? ಭೇಷ್. ಪಕ್ಕಪಕ್ಕದ ತಂತಿಗಳಿಗೆ ಕೇಳಿಸಿದ್ದನ್ನು ಹಲಗೆ ಹೋಲಿಸಿ ನೋಡುತ್ತದೆ. ಮೂರನೇ ಮತ್ತು ನಾಲ್ಕನೇ ತಂತಿಗಳಿಗೆ ಸಮನಾಗಿ ಕೇಳಿಸಿದರೆ ಪೆನ್ನು ಸರಿಯಾಗಿ ನಡುವೆ ಇದೆ. ಮೂರನೆಯದಕ್ಕೆ ಸ್ವಲ್ಪ ಹೆಚ್ಚು ಕೇಳಿಸಿದರೆ ಆ ಕಡೆ ಸ್ವಲ್ಪ ಸರಿದಿದೆ. ಎಷ್ಟು ಹೆಚ್ಚು ಎಂಬುದನ್ನು ಲೆಕ್ಕ ಹಾಕಿದರೆ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೂ ಜಾಗ ಸಿಗುತ್ತದೆ.

ಕುರ್ಚಿ, ಹಗ್ಗ, ಮೂರು ಕಲ್ಲು

ಪೆನ್ನಿನಲ್ಲಿ ಸುರುಳಿಯ ಜೊತೆ ಕೆಪಾಸಿಟರ್ ಏಕೆ ಬೇಕು? ಮಾಡಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಎರಡು ಕುರ್ಚಿಗಳ ಬೆನ್ನಿಗೆ ಒಂದು ಹಗ್ಗ ಕಟ್ಟಿ, ಸ್ವಲ್ಪ ಸಡಿಲವಾಗಿರಲಿ. ಒಂದೇ ತೂಕದ ಮೂರು ಕಲ್ಲುಗಳನ್ನು ದಾರದಿಂದ ಆ ಹಗ್ಗಕ್ಕೆ ತೂಗುಹಾಕಿ. ಎರಡು ಕಲ್ಲುಗಳ ದಾರ 40 ಸೆಂಟಿಮೀಟರ್, ಮೂರನೆಯದರ ದಾರ 20 ಸೆಂಟಿಮೀಟರ್ ಇರಲಿ. ಈಗ ಉದ್ದ ದಾರದ ಒಂದು ಕಲ್ಲನ್ನು ಹಗ್ಗಕ್ಕೆ ಅಡ್ಡಲಾಗಿ ಎಳೆದು ಬಿಡಿ. ಮಿಕ್ಕ ಎರಡನ್ನು ಮುಟ್ಟಬೇಡಿ.

ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಉದ್ದ ದಾರದ ಕಲ್ಲು ತಾನಾಗಿ ತೂಗತೊಡಗುತ್ತದೆ. ಅದರ ತೂಗಾಟ ಹೆಚ್ಚುತ್ತಾ ಹೋದಂತೆ ಮೊದಲನೆಯದು ಸುಸ್ತಾಗುತ್ತದೆ. ಗಿಡ್ಡ ದಾರದ ಕಲ್ಲು ಸ್ವಲ್ಪ ಅಲುಗಾಡುತ್ತದೆ, ಅಷ್ಟೇ.

ಪ್ರತಿ ಲೋಲಕಕ್ಕೂ ತನ್ನದೇ ಒಂದು ಲಯ ಇದೆ, ಅದು ದಾರದ ಉದ್ದದ ಮೇಲೆ ನಿಂತಿದೆ. ಹಗ್ಗದ ಮೂಲಕ ಬರುವ ಸಣ್ಣ ಸಣ್ಣ ತಳ್ಳುಗಳು ತನ್ನ ಲಯಕ್ಕೆ ಹೊಂದಿಕೊಂಡಾಗ ಅದು ಆ ಶಕ್ತಿಯನ್ನೆಲ್ಲ ಹೀರಿಕೊಳ್ಳುತ್ತದೆ. ಹೊಂದದಿದ್ದರೆ ಇಲ್ಲ. ಇದೇ ಅನುರಣನ. ಸುರುಳಿ ಮತ್ತು ಕೆಪಾಸಿಟರ್ ಸೇರಿದಾಗ ಅವುಗಳಲ್ಲೂ ವಿದ್ಯುತ್ತು ಒಂದು ನಿಶ್ಚಿತ ಲಯದಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಹಲಗೆ ಕಳಿಸುವ ಲಯವೂ ಪೆನ್ನಿನ ಲಯವೂ ಒಂದೇ ಆಗಿರುವಂತೆ ತಯಾರಕರು ಹೊಂದಿಸಿರುತ್ತಾರೆ. ಅದರಿಂದಲೇ ಪೆನ್ನಿಗೆ ಸಾಕಷ್ಟು ಶಕ್ತಿ ಸಿಗುತ್ತದೆ.

ಒಂದು ಉದ್ದ ದಾರವನ್ನು ಈಗ ಎರಡು ಸೆಂಟಿಮೀಟರ್ ಸಡಿಲ ಬಿಡಿ. ಆ ಕಲ್ಲು ಮೊದಲಿಗಿಂತ ಚೂರು ನಿಧಾನವಾಗಿ ತೂಗುತ್ತದೆ. ಪೆನ್ನು ಒತ್ತಡ ತಿಳಿಸುವುದೂ ಹೀಗೆಯೇ. ಮೊನೆಯನ್ನು ಒತ್ತಿದಾಗ ಅದು ಕಣ್ಣಿಗೆ ಕಾಣದಷ್ಟು ಒಳಗೆ ಸರಿದು ಸುರುಳಿಯ ಇಲ್ಲವೇ ಕೆಪಾಸಿಟರಿನ ಗುಣವನ್ನು ಸ್ವಲ್ಪ ಬದಲಿಸುತ್ತದೆ. ಪೆನ್ನಿನ ಲಯ ತುಸು ಸರಿಯುತ್ತದೆ. ಎಷ್ಟು ಸರಿಯಿತು ಎಂದು ನೋಡಿ, ನೀವು ಎಷ್ಟು ಒತ್ತಿದಿರಿ ಎಂದು ಹಲಗೆ ತಿಳಿಯುತ್ತದೆ.

ಕೊಳ್ಳುವವರಿಗೆ ಇದರಲ್ಲೊಂದು ಪಾಠ ಇದೆ. ಪೆನ್ನು ಕಳೆದುಹೋದರೆ ಗೆಳೆಯನ ಬೇರೆ ಕಂಪನಿಯ ಪೆನ್ನು ತಂದು ಬಿಡಿಸಲು ಸಾಮಾನ್ಯವಾಗಿ ಆಗುವುದಿಲ್ಲ, ಲಯ ಹೊಂದುವುದಿಲ್ಲ. ಬಳಸಿದ ಟ್ಯಾಬ್ಲೆಟ್ಟನ್ನು ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಮೊದಲು ಅದರದೇ ಪೆನ್ನು ಇದೆಯೇ ಎಂದು ಕೇಳಿ.

ಹತ್ತು ಲಕ್ಷ ಚುಕ್ಕಿಯಿಂದ ಹದಿನಾಲ್ಕು ಕೋಟಿಗೆ

ಕೈಬರಹವನ್ನು ಕಂಪ್ಯೂಟರಿಗೆ ಕೊಡುವ ಆಸೆ ಹೊಸದೇನಲ್ಲ. 1963ರಲ್ಲಿ ಅಮೆರಿಕದ ಇವಾನ್ ಸದರ್ಲ್ಯಾಂಡ್ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶ ರಚಿಸಿದರು. ಬೆಳಕನ್ನು ಗುರುತಿಸುವ ಪೆನ್ನಿನಿಂದ ಪರದೆಯನ್ನು ಮುಟ್ಟಿ ಅದರಲ್ಲಿ ಚಿತ್ರ ಬಿಡಿಸಬಹುದಿತ್ತು. ಮರುವರ್ಷ, 1964ರಲ್ಲಿ, ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆ ಹಲಗೆಯನ್ನೇ ಮಾಡಿತು. ಅದರ ಬರೆಯುವ ಜಾಗ 10 ಅಂಗುಲ ಉದ್ದ, 10 ಅಂಗುಲ ಅಗಲ. ಪ್ರತಿ ಅಂಗುಲಕ್ಕೆ 100 ಗೆರೆ. ಲೆಕ್ಕ ಹಾಕಿ: 1,000 ಸಲ 1,000, ಹತ್ತು ಲಕ್ಷ ಚುಕ್ಕಿಗಳನ್ನು ಅದು ಬೇರೆ ಬೇರೆಯಾಗಿ ಗುರುತಿಸುತ್ತಿತ್ತು. ಬೆಲೆ 18,000 ಡಾಲರ್. ಮನೆಗೆ ತರುವ ವಸ್ತುವಲ್ಲ ಬಿಡಿ. ಅದರ ಪೆನ್ನಿಗೆ ತಂತಿಯೂ ಇತ್ತು.

ತಂತಿ ಇಲ್ಲದ, ಬ್ಯಾಟರಿ ಇಲ್ಲದ ಪೆನ್ನನ್ನು ಚಿತ್ರಗಾರರ ಮೇಜಿಗೆ ತಂದು ಹೆಸರಾದದ್ದು ಜಪಾನಿನ ವಾಕೊಮ್ ಕಂಪನಿ. ಅದು ಶುರುವಾದದ್ದು 1983ರಲ್ಲಿ. ಈಗ ಹ್ಯೂಯಾನ್, ಎಕ್ಸ್‌ಪಿ-ಪೆನ್ ಮುಂತಾದ ಕಂಪನಿಗಳೂ ಇಂಥವನ್ನು ಮಾಡುತ್ತವೆ.

ಇಂದಿನ ಒಂದು ಚಿಕ್ಕ ಟ್ಯಾಬ್ಲೆಟ್ ತೆಗೆದುಕೊಳ್ಳಿ. ಬಿಡಿಸುವ ಜಾಗ 152 ಮಿಲಿಮೀಟರ್ ಉದ್ದ, 95 ಮಿಲಿಮೀಟರ್ ಅಗಲ. ಮಿಲಿಮೀಟರಿಗೆ 100 ಗೆರೆ. ಅಂದರೆ 15,200 ಸಲ 9,500, ಹದಿನಾಲ್ಕು ಕೋಟಿ ನಲವತ್ತನಾಲ್ಕು ಲಕ್ಷ ಚುಕ್ಕಿ! ನಿಮ್ಮ ಅಂಗೈಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ.

ಡಬ್ಬದ ಮೇಲಿನ ದೊಡ್ಡ ಸಂಖ್ಯೆಗಳು

ಇಷ್ಟೆಲ್ಲ ಕೇಳಿ ಬಾಯಿ ಬಿಟ್ಟುಕೊಂಡು ನಿಂತರೆ ಅಂಗಡಿಯವರಿಗೆ ಹಬ್ಬ. ಸಂಖ್ಯೆ ಕಂಡಾಗ ನಾವು ಪ್ರಶ್ನೆ ಕೇಳಬೇಕು.

ಮೊದಲನೆಯದು ಚುಕ್ಕಿಗಳ ಸಂಖ್ಯೆ. ಸಾಮಾನ್ಯ ಕಂಪ್ಯೂಟರ್ ಪರದೆಯಲ್ಲಿ ಅಡ್ಡಸಾಲಿಗೆ 1,920 ಚುಕ್ಕಿಗಳು. ನಮ್ಮ ಚಿಕ್ಕ ಹಲಗೆ ಅಡ್ಡಸಾಲಿಗೆ 15,200 ಗುರುತಿಸುತ್ತದೆ. ಪರದೆಯಲ್ಲಿ ಕಾಣುವುದಕ್ಕಿಂತ ಹಲಗೆಯ ಅಳತೆ ಸುಮಾರು ಎಂಟು ಪಟ್ಟು ನಯ. ಅದನ್ನು ಇನ್ನೂ ದ್ವಿಗುಣ ಮಾಡಿ ಹೆಚ್ಚು ದುಡ್ಡು ಕೇಳಿದರೆ ನಿಮಗೆ ಲಾಭ ತೀರಾ ಕಡಿಮೆ.

ಎರಡನೆಯದು ಒತ್ತಡದ ಹಂತಗಳು. ಡಬ್ಬದ ಮೇಲೆ 8,192 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? 2ನ್ನು 13 ಸಲ ಬರೆದು ಒಂದಕ್ಕೊಂದು ಗುಣಿಸಿ ನೋಡಿ. ಕಂಪ್ಯೂಟರು ಸೊನ್ನೆ ಮತ್ತು ಒಂದರಲ್ಲಿ ಎಣಿಸುವುದರಿಂದ 13 ಮನೆಗಳಿದ್ದರೆ 8,192 ಬೇರೆ ಬೇರೆ ಸಂಖ್ಯೆ ಬರೆಯಬಹುದು. ಇನ್ನೊಂದು ಮನೆ ಸೇರಿಸಿದರೆ 16,384, ಅಂಥ ಹಲಗೆಗಳೂ ಇವೆ. ಆದರೆ ಸಾಮಾನ್ಯ ಪರದೆ ಕಪ್ಪಿನಿಂದ ಬಿಳಿಯವರೆಗೆ ತೋರಿಸುವುದು 256 ಛಾಯೆಗಳನ್ನು. ಒತ್ತಡದಿಂದ ಬೂದು ಬಣ್ಣದ ಗಾಢತೆ ಬದಲಿಸುತ್ತಿದ್ದರೆ ಅಷ್ಟೇ ನಿಮ್ಮ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಡಬ್ಬದ ಮೇಲೆ ಸಾಮಾನ್ಯವಾಗಿ ಇರುವುದೇ ಇಲ್ಲ: ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ? ಪೆನ್ನನ್ನು ಬೆರಳ ನಡುವೆ ಸಡಿಲವಾಗಿ ಹಿಡಿದು, ಅದರ ತೂಕಕ್ಕೇ ಬಿಟ್ಟು ಎಳೆಯಿರಿ. ಗೆರೆ ಮೂಡಿದರೆ ಹಲಗೆ ಸೂಕ್ಷ್ಮವಾಗಿದೆ. ಒತ್ತಿ ಒತ್ತಿ ಎಳೆಯಬೇಕಾದರೆ ಅರ್ಧ ಗಂಟೆಯಲ್ಲಿ ಬೆರಳು ನೋಯುತ್ತದೆ, 8,192 ಎಂದು ಬರೆದಿದ್ದರೂ ಪ್ರಯೋಜನವಿಲ್ಲ.

ನಡುಗುವ ಗೆರೆ

ಹೊಸಬರು ಟ್ಯಾಬ್ಲೆಟ್ಟಿನಲ್ಲಿ ಎಳೆದ ಗೆರೆ ನಡುಗುತ್ತದೆ. ಕಾಗದದ ಒರಟು ಮೈ ಪೆನ್ಸಿಲನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತದೆ. ನುಣುಪಾದ ಪ್ಲಾಸ್ಟಿಕ್ಕು ಹಾಗೆ ಹಿಡಿಯುವುದಿಲ್ಲ. ಮೇಲಾಗಿ ಹಲಗೆ ನಿಮ್ಮ ಕೈಯ ಪ್ರತಿ ನಡುಕವನ್ನೂ ನಿಯತ್ತಿನಿಂದ ಅಳೆದು ಕಳಿಸುತ್ತದೆ.

ತಂತ್ರಾಂಶ ಇಲ್ಲಿ ಸರಾಸರಿಯ ಸಹಾಯ ಪಡೆಯುತ್ತದೆ. ನೀವು ಅಡ್ಡಗೆರೆ ಎಳೆಯುವಾಗ ಚುಕ್ಕಿಗಳ ಎತ್ತರ ಹೀಗಿದೆ ಎನ್ನಿ: 10, 14, 9, 13, 11, 12. ಮೂರು ಮೂರರ ಸರಾಸರಿ ತೆಗೆಯಿರಿ. 10, 14, 9ರದ್ದು 11. 14, 9, 13ರದ್ದು 12. 9, 13, 11ರದ್ದು 11. 13, 11, 12ರದ್ದು 12. ಮೊದಲು ಗೆರೆ 14ರಿಂದ 9ಕ್ಕೆ ಧುಮುಕುತ್ತಿತ್ತು, ಈಗ 11 ಮತ್ತು 12ರ ನಡುವೆ ಮಾತ್ರ ಆಡುತ್ತದೆ. ಆದರೆ ಸರಾಸರಿಗೆ ಮೂರು ಚುಕ್ಕಿಗಳು ಬರುವ ತನಕ ಕಾಯಬೇಕಲ್ಲ? ಹೆಚ್ಚು ಚುಕ್ಕಿ ಸೇರಿಸಿದಷ್ಟೂ ಗೆರೆ ನಯವಾಗುತ್ತದೆ, ಅಷ್ಟೇ ನಿಧಾನವಾಗಿ ಪೆನ್ನಿನ ಹಿಂದೆ ಬರುತ್ತದೆ. ಬೇಕಾದಷ್ಟು ಹೊಂದಿಸಿಕೊಳ್ಳಲು ತಂತ್ರಾಂಶದಲ್ಲಿ ಅವಕಾಶ ಇರುತ್ತದೆ.

ಕೈ ಒಂದು ಕಡೆ, ಕಣ್ಣು ಒಂದು ಕಡೆ

ಪರದೆ ಇಲ್ಲದ ಹಲಗೆಯಲ್ಲಿ ಕೈ ಮೇಜಿನ ಮೇಲೆ, ಕಣ್ಣು ಎದುರಿನ ಪರದೆಯ ಮೇಲೆ. ಮೊದಮೊದಲು ಇದು ಪೇಚಾಟ. ನಿಮ್ಮಿಂದ ಆಗುತ್ತದೋ ಇಲ್ಲವೋ ಎಂದು ದುಡ್ಡು ಕೊಡದೆ ಪರೀಕ್ಷಿಸಬಹುದು.

ಕಾಗದದ ಮೇಲೆ ಎರಡು ಗೆರೆಗಳ ನಕ್ಷತ್ರ ಬಿಡಿಸಿ, ದೊಡ್ಡದರ ಒಳಗೆ ಚಿಕ್ಕದು. ಕಾಗದದ ಆ ಬದಿಗೆ ಒಂದು ಕನ್ನಡಿ ನಿಲ್ಲಿಸಿ. ಕೈಯೂ ಕಾಗದವೂ ನೇರವಾಗಿ ಕಾಣದಂತೆ ಗೆಳತಿಗೆ ಒಂದು ಪುಸ್ತಕ ಅಡ್ಡ ಹಿಡಿಯಲು ಹೇಳಿ. ಈಗ ಕನ್ನಡಿಯಲ್ಲಿ ಮಾತ್ರ ನೋಡುತ್ತಾ, ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ. ಪೆನ್ಸಿಲ್ ನೀವು ಹೇಳಿದ ದಿಕ್ಕು ಬಿಟ್ಟು ಬೇರೆಲ್ಲ ದಿಕ್ಕಿಗೂ ಹೋಗುತ್ತದೆ! ಬಿಡಬೇಡಿ. ನಾಳೆ, ನಾಡಿದ್ದು ಮತ್ತೆ ಮಾಡಿ. ತಪ್ಪುಗಳು ಇಳಿಯುತ್ತವೆ.

ಇದೇ ಪರೀಕ್ಷೆಯನ್ನು ಕೆನಡಾದ ವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಹೆನ್ರಿ ಮೊಲೈಸನ್ ಎಂಬ ರೋಗಿಗೆ ಕೊಟ್ಟಿದ್ದರು. 1953ರಲ್ಲಿ ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಹೊಸ ನೆನಪುಗಳು ಉಳಿಯುತ್ತಿರಲಿಲ್ಲ. ಮೂರು ದಿನ ನಕ್ಷತ್ರ ಬಿಡಿಸಿದರು. ಹಿಂದಿನ ದಿನ ಇದನ್ನು ಮಾಡಿದ್ದೇನೆಂಬ ನೆನಪೇ ಅವರಿಗಿರಲಿಲ್ಲ. ಆದರೂ ಅವರ ಕೈ ದಿನದಿಂದ ದಿನಕ್ಕೆ ಸುಧಾರಿಸಿತು. ನಡೆದದ್ದನ್ನು ನೆನಪಿಡುವ ಮೆದುಳಿನ ದಾರಿ ಬೇರೆ, ಕೈಗೆ ಕೆಲಸ ಕಲಿಸುವ ದಾರಿ ಬೇರೆ ಎಂದು ಲೋಕಕ್ಕೆ ತಿಳಿಯಲು ಈ ನಕ್ಷತ್ರ ನೆರವಾಯಿತು.

ಟ್ಯಾಬ್ಲೆಟ್ಟಿನಲ್ಲಿ ಕನ್ನಡಿಯ ಹಾಗೆ ದಿಕ್ಕು ತಿರುಗುವುದಿಲ್ಲ, ಹಾಗಾಗಿ ಅದು ಇದಕ್ಕಿಂತ ಸುಲಭ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿದರೆ ಕೈ ಒಗ್ಗುತ್ತದೆ. ಪೆನ್ನಿನ ಕೆಳಗೇ ಚಿತ್ರ ಕಾಣುವ, ಪರದೆ ಇರುವ ಟ್ಯಾಬ್ಲೆಟ್ಟುಗಳೂ ಇವೆ. ಅವುಗಳ ಬೆಲೆ ಹಲವು ಪಟ್ಟು ಹೆಚ್ಚು. ಗಾಜು ದಪ್ಪವಿದ್ದರೆ ಓರೆಯಾಗಿ ನೋಡಿದಾಗ ಪೆನ್ನಿನ ಮೊನೆಗೂ ಗೆರೆಗೂ ನಡುವೆ ಸಂದು ಕಾಣುತ್ತದೆ. ಕತ್ತು ಬಗ್ಗಿಸಿ ಕೂರಬೇಕು. ಕಲಿಯುವವರಿಗೆ ಪರದೆ ಇಲ್ಲದ್ದೇ ಸಾಕು.

ಇನ್ನು ತೀರ್ಮಾನ

ಹಲಗೆ ಅಳೆಯುವುದು ಜಾಗ, ಒತ್ತಡ, ವಾಲಿಕೆ. ಮಿಕ್ಕಿದ್ದೆಲ್ಲ ತಂತ್ರಾಂಶದ್ದು ಮತ್ತು ನಿಮ್ಮದು. ಆದ್ದರಿಂದ ಮೊದಲು ಬಿಟ್ಟಿ ಸಿಗುವುದನ್ನು ಬಳಸಿ ನೋಡಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಕ್ರಿಟಾ ಎಂಬ ತಂತ್ರಾಂಶವನ್ನು ದುಡ್ಡು ಕೊಡದೆ ಹಾಕಿಸಿಕೊಳ್ಳಬಹುದು. ಅದರಲ್ಲಿ ಮೌಸಿನಿಂದಲೇ ಕೆಲವು ವಾರ ಚಿತ್ರ ಮಾಡಿ. ಮೊಬೈಲಿನಲ್ಲಾದರೆ ಬೆರಳಿನಿಂದ. ಎಲ್ಲಿ ಕಷ್ಟವಾಯಿತು ಎಂದು ಒಂದು ಚೀಟಿಯಲ್ಲಿ ಬರೆಯುತ್ತಾ ಹೋಗಿ.

"ಗೆರೆ ದಪ್ಪ ತೆಳ್ಳಗೆ ಆಗುತ್ತಿಲ್ಲ", "ಸಣ್ಣ ತಿರುವು ಎಳೆಯಲು ಆಗುತ್ತಿಲ್ಲ", "ನೂರಾರು ಚಿತ್ರ ಬಿಡಿಸಿ ಓಡುವ ನಾಯಿ ಮಾಡಬೇಕು, ಮೌಸಿನಲ್ಲಿ ಸಾಕಾಗಿಹೋಯಿತು" ಎಂದು ಬರೆದಿದ್ದರೆ ಟ್ಯಾಬ್ಲೆಟ್ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. "ಕುದುರೆಯ ಕಾಲು ಸರಿ ಬರುತ್ತಿಲ್ಲ", "ಮೂಗು ಸೊಟ್ಟಗಾಗುತ್ತದೆ" ಎಂದಿದ್ದರೆ ಸ್ವಲ್ಪ ನಿಲ್ಲಿ. ಆ ಸೊಟ್ಟ ಮೂಗನ್ನು ಹಲಗೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ನಿಖರವಾಗಿ ಅಳೆದು ಪರದೆಗೆ ಕಳಿಸುತ್ತದೆ, ಅಷ್ಟೇ. ಅದಕ್ಕೆ ಮದ್ದು ಪೆನ್ಸಿಲ್ಲು, ಕಾಗದ ಮತ್ತು ನಿಂತಿರುವ ಕುದುರೆ. ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗೆ ಓದುತ್ತಿರುವವರೂ ಸದ್ಯಕ್ಕೆ ಕಾಗದ, ಕುಂಚಕ್ಕೇ ದುಡ್ಡು ಹಾಕುವುದು ಮೇಲು, ಅಲ್ಲಿ ಕೈಗೆ ಬರುವುದು ಅವೇ.

ಚೀಟಿ ಟ್ಯಾಬ್ಲೆಟ್ಟಿನ ಪರವಾಗಿದ್ದರೆ ಇನ್ನೂ ಕೆಲವನ್ನು ವಿಚಾರಿಸಿ. ಪರದೆ ಇಲ್ಲದ ಚಿಕ್ಕ ಟ್ಯಾಬ್ಲೆಟ್ಟಿಗೆ ಸುಮಾರು 3,000ದಿಂದ 5,000 ರೂಪಾಯಿ ಆಗುತ್ತದೆ. ಅದು ಒಂಟಿಯಾಗಿ ಏನೂ ಮಾಡದು, ಕಂಪ್ಯೂಟರ್ ಬೇಕು. ಮನೆಯಲ್ಲಿ ಮೊಬೈಲ್ ಮಾತ್ರ ಇದ್ದರೆ, ಆಂಡ್ರಾಯ್ಡ್ ಫೋನಿಗೂ ಜೋಡಿಸಬಹುದೆಂದು ಡಬ್ಬದ ಮೇಲೆ ಸ್ಪಷ್ಟವಾಗಿ ಬರೆದಿರಬೇಕು. ಎಡಗೈಯವರು ಹಲಗೆಯನ್ನು ತಿರುಗಿಸಿ ಬಳಸುವ ಅವಕಾಶ ಇದೆಯೇ ನೋಡಿ. ಚಿಕ್ಕ ಹಲಗೆಯಲ್ಲಿ ಮಣಿಕಟ್ಟು ಆಡಿದರೆ ಸಾಕು, ದೊಡ್ಡದರಲ್ಲಿ ಇಡೀ ತೋಳು ಆಡಬೇಕು. ನೀವು ಕಾಗದದ ಮೇಲೆ ಹೇಗೆ ಬಿಡಿಸುತ್ತೀರೋ ಅದಕ್ಕೆ ಹೊಂದುವುದನ್ನು ಆರಿಸಿ. ಪೆನ್ನಿನ ಪ್ಲಾಸ್ಟಿಕ್ ಮೊನೆ ಸವೆಯುತ್ತದೆ, ಬದಲಿ ಮೊನೆಗಳು ಡಬ್ಬದಲ್ಲಿ ಎಷ್ಟಿವೆ ಎಂದು ಕೇಳಿ. ಮೊಬೈಲ್ ಅಂಗಡಿಯಲ್ಲಿ ನೂರಿನ್ನೂರಕ್ಕೆ ಸಿಗುವ ರಬ್ಬರ್ ಮೂತಿಯ ಪೆನ್ನಿಗೆ ಮಾತ್ರ ಮೋಸಹೋಗಬೇಡಿ. ಅದು ನಿಮ್ಮ ಬೆರಳಿನ ಬದಲಿಗೆ ಪರದೆ ಮುಟ್ಟುತ್ತದೆ, ಒತ್ತಡ ಅಳೆಯುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು, ಯಾರದಾದರೂ ಮನೆಯಲ್ಲಿ ಇದ್ದರೆ ಕೇಳಿಕೊಂಡು ಒಂದು ದಿನ ಬಿಡಿಸಿ ನೋಡುವುದು.

ಕೊಂಡು ತಂದಿರಿ ಎನ್ನಿ. ಮೊದಲ ದಿನ ಒಂದು ಪರೀಕ್ಷೆ ಮಾಡಿ. ಹಲಗೆಯ ಮೇಲೆ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಇಟ್ಟು ಅದರ ಸುತ್ತ ಪೆನ್ನು ಓಡಿಸಿ. ಪರದೆಯಲ್ಲಿ ದುಂಡು ಬರುವ ಬದಲು ಅಡ್ಡಕ್ಕೆ ಹಿಗ್ಗಿದ ಮೊಟ್ಟೆ ಬಂದೀತು. ಯಾಕೆ? ಹಲಗೆಯ 152 ಮಿಲಿಮೀಟರ್ ಪರದೆಯ 1,920 ಚುಕ್ಕಿಗಳಿಗೆ ಹಂಚಿಹೋಗಿದೆ, ಮಿಲಿಮೀಟರಿಗೆ 12.6 ಚುಕ್ಕಿ. ಮೇಲಿಂದ ಕೆಳಕ್ಕೆ 95 ಮಿಲಿಮೀಟರಿಗೆ ಪರದೆಯ 1,080 ಚುಕ್ಕಿ, ಅಂದರೆ 11.4. ಎರಡೂ ಸಮ ಇಲ್ಲದ್ದರಿಂದ ನೂರಕ್ಕೆ ಹನ್ನೊಂದರಷ್ಟು ಹಿಗ್ಗಿತು. ಟ್ಯಾಬ್ಲೆಟ್ಟಿನ ಸೆಟ್ಟಿಂಗಿನಲ್ಲಿ ಉದ್ದ ಅಗಲಗಳ ಅನುಪಾತ ಸರಿಪಡಿಸಿ ಮತ್ತೆ ಸುತ್ತು ಹಾಕಿ. ದುಂಡಾಗುತ್ತದೆ.

ಈ ಪರೀಕ್ಷೆಗೆ ನಾಣ್ಯ ಇಡಬೇಡಿ, ಮುಚ್ಚಳವೇ ಇಡಿ. ಏಕೆಂದು ಹೇಳಬಲ್ಲಿರಾ? ನಾಣ್ಯವೂ ಲೋಹ, ಹಲಗೆಯ ತಂತಿಗಳೂ ಲೋಹ. ಬದಲಾಗುವ ಕಾಂತಕ್ಷೇತ್ರದ ನಡುವೆ ಲೋಹ ಇಟ್ಟರೆ ಅದರೊಳಗೆ ಏನು ಹರಿಯುತ್ತದೆ ಎಂದು ಫ್ಯಾರಡೆ ಅವರ ಸಂಗತಿಯನ್ನು ಮತ್ತೊಮ್ಮೆ ಓದಿ, ಉತ್ತರವನ್ನು ನೀವೇ ಬರೆದು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.